ಧಾರಣೆ ಪಟ್ಟಿಯಿಂದ ಹುಟ್ಟಿದ ಪತ್ರಿಕೆ

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಅಂಚೆಚೀಟಿ ಕೂಡಿಡುವವರ ಪತ್ರಿಕೆಗಳ ಬಗ್ಗೆ ಮಾತಾಡಿ ಅಂದಾಗ ನನಗೆ ನಗು ಬಂತು. ಬೆಳಗ್ಗೆ ಪೇಪರ್ ಬಿಡಿಸಿದರೆ ಮೊದಲು ಮೆಕ್ಕೆಜೋಳದ ಧಾರಣೆ ನೋಡುವ ಊರು ಇದು. ಆಮೇಲೆ ಅನ್ನಿಸಿತು, ಇದಕ್ಕಿಂತ ಸರಿಯಾದ ಊರು ಬೇರೆ ಇಲ್ಲ. ಅಂಚೆಚೀಟಿ ಪತ್ರಿಕೆ ಶುರುವಾಗಿದ್ದೇ ಅಂಗಡಿಯವರಿಂದ.

ಮೊದಲ ಅಂಚೆಚೀಟಿ ಪೆನ್ನಿ ಬ್ಲ್ಯಾಕ್. ಬ್ರಿಟನ್ನಿನಲ್ಲಿ ಬಂದದ್ದು 1840ರಲ್ಲಿ. ಇಪ್ಪತ್ತು ವರ್ಷದೊಳಗೆ ಚೀಟಿ ಕೂಡಿಡುವವರೂ ಹುಟ್ಟಿದರು, ಅವರಿಗೆ ಮಾರುವವರೂ ಹುಟ್ಟಿದರು. 1861ರಲ್ಲಿ ಅಲ್ಲಿನ ಸರ್ಕಾರ ಕಾಗದದ ಮೇಲಿನ ಸುಂಕ ತೆಗೆಯಿತು, ಪತ್ರಿಕೆ ಅಚ್ಚು ಹಾಕುವುದು ಅಗ್ಗವಾಯಿತು. ಮರುವರ್ಷ ಡಿಸೆಂಬರ್‌ನಲ್ಲಿ ಲಿವರ್‌ಪೂಲ್‌ನಿಂದ ‘ಮಂತ್ಲಿ ಅಡ್ವರ್ಟೈಸರ್’ ಹೊರಟಿತು. ಹೆಸರೇ ಹೇಳುತ್ತೆ ಅಲ್ವಾ, ತಿಂಗಳ ಜಾಹೀರಾತು! 1863ರ ಫೆಬ್ರವರಿಯಲ್ಲಿ ಇನ್ನೆರಡು ಬಂದವು. ಬಾತ್ ಪಟ್ಟಣದಿಂದ ‘ಸ್ಟಾಂಪ್ ಕಲೆಕ್ಟರ್ಸ್ ಮ್ಯಾಗಜೀನ್’, ಬ್ರಸೆಲ್ಸ್‌ನಿಂದ ಮೋನ್ಸ್ ಎಂಬ ವ್ಯಾಪಾರಿಯ ‘ಲ ತ್ಯಾಂಬ್ರ್ ಪೋಸ್ತ್’. ಬಾತ್‌ನದು 1874ರಲ್ಲಿ ನಿಂತಿತು. ಮೋನ್ಸ್ ಮಾತ್ರ 1900ರವರೆಗೆ ಎಳೆದ.

ನನಗೆ ಈ ಮೋನ್ಸ್ ಮೇಲೆ ಜಾಸ್ತಿ ಪ್ರೀತಿ. ಚೀಟಿ ಮಾರುವವನೇ 1862ರಲ್ಲಿ ನಕಲಿ ಚೀಟಿಗಳ ವಿರುದ್ಧ ಪುಸ್ತಕ ಬರೆದ. ಮಂಡಿಯಲ್ಲಿ ಕೂತವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಒಂದು ಅಂಗಡಿಯಲ್ಲಿ ಕಲಬೆರಕೆ ಮಾಲು ಸಿಕ್ಕರೆ ಗಿರಾಕಿ ಇಡೀ ಸಾಲಿಗೇ ಬರುವುದು ಬಿಡುತ್ತಾನೆ. ಆದರೆ ನಕಲಿ ಹಿಡಿಯಬೇಕಾದರೆ ಕಾಗದ ಗೊತ್ತಿರಬೇಕು, ಬೆಳಕಿಗೆ ಹಿಡಿದರೆ ಕಾಣುವ ನೀರುಗುರುತು ಗೊತ್ತಿರಬೇಕು, ಅಂಚಿನ ತೂತು ಎಣಿಸಬೇಕು. 1866ರಲ್ಲಿ ಪ್ಯಾರಿಸ್ಸಿನ ಲೆಗ್ರಾಂಡ್ ಎಂಬ ಡಾಕ್ಟರು ತೂತಿನ ಅಳತೆಪಟ್ಟಿ ಮಾಡಿದರು. ಎರಡು ಸೆಂಟಿಮೀಟರಿಗೆ ಎಷ್ಟು ತೂತು ಅಂತ ಲೆಕ್ಕ. ಇವತ್ತಿಗೂ ಅದೇ ಲೆಕ್ಕ. ಹೀಗೆ ಬೆಲೆ ಹಾಕಲು ಹೊರಟ ಹಾಳೆಗಳಲ್ಲಿ ಸಂಶೋಧನೆ ನುಸುಳಿಕೊಂಡಿತು.

ಅಂಚೆಚೀಟಿ ಸಂಗ್ರಹಕ್ಕೆ ಹೇಳುವ ‘ಫಿಲಾಟೆಲಿ’ ಎಂಬ ಪದ ಕೂಡ ಪತ್ರಿಕೆಯ ಕೂಸು. ಅಲ್ಲಿಯವರೆಗೆ ಈ ಹವ್ಯಾಸವನ್ನು ‘ಚೀಟಿ ಹುಚ್ಚು’ ಅನ್ನುವ ಅರ್ಥದಲ್ಲಿ ಕರೆಯುತ್ತಿದ್ದರು. (ನಮ್ಮ ಮನೆಯಲ್ಲಿ ಈಗಲೂ ಹಾಗೇ ಕರೆಯುತ್ತಾರೆ.) 1864ರಲ್ಲಿ ಜಾರ್ಜ್ ಎರ್ಪ್ಯಾಂ ಎಂಬ ಫ್ರೆಂಚ್ ಸಂಗ್ರಾಹಕ ಪತ್ರಿಕೆಯೊಂದರಲ್ಲಿ ಹೊಸ ಪದ ಕಟ್ಟಿ ಮುಂದಿಟ್ಟ. ಗ್ರೀಕಿನಲ್ಲಿ ‘ಫಿಲೋ’ ಅಂದರೆ ಪ್ರೀತಿ, ‘ಅತೆಲೈಯ’ ಅಂದರೆ ತೆರಿಗೆ ಮಾಫಿ. ಮೊದಲೆಲ್ಲ ಸಾಮಾನ್ಯವಾಗಿ ಕಾಗದ ಪಡೆದವರೇ ದುಡ್ಡು ಕೊಡಬೇಕಿತ್ತು. ಚೀಟಿ ಬಂದಮೇಲೆ ಅವರಿಗೆ ಮಾಫಿ!

ಭಾರತಕ್ಕೆ ಬಂದರೆ, 1897ರಲ್ಲಿ ‘ಫಿಲಾಟೆಲಿಕ್ ಸೊಸೈಟಿ ಆಫ್ ಇಂಡಿಯಾ’ ಹುಟ್ಟಿತು, ಅದರ ಜರ್ನಲ್ ಕೂಡ ಅದೇ ವರ್ಷ. ಆಗ ಬರೆಯುತ್ತಿದ್ದವರಲ್ಲಿ ಬ್ರಿಟಿಷ್ ಅಧಿಕಾರಿಗಳೇ ಜಾಸ್ತಿ. ಮುಂದೆ ಬೊಂಬಾಯಿಯಲ್ಲಿ ಜಾಲ್ ಕೂಪರ್ ‘ಇಂಡಿಯಾಸ್ ಸ್ಟಾಂಪ್ ಜರ್ನಲ್’ ನಡೆಸಿದರು. ಅವರೂ ಚೀಟಿ ವ್ಯಾಪಾರಿಯೇ, ನೋಡಿ.

ಸಂಸ್ಥಾನಗಳ ಚೀಟಿಗಳ ಪಟ್ಟಿಯಲ್ಲಿ ತಿರುವಾಂಕೂರು, ಹೈದರಾಬಾದು ಸಿಗುತ್ತವೆ. ನಮ್ಮ ಮೈಸೂರು ಸಿಗುವುದಿಲ್ಲ. ಮೈಸೂರು ಅಂಚೆ ತನ್ನದೇ ಅಂಚೆಚೀಟಿ ಹೊರಡಿಸಲೇ ಇಲ್ಲ, 1889ರಲ್ಲಿ ಬ್ರಿಟಿಷ್ ಅಂಚೆಯಲ್ಲಿ ಸೇರಿಹೋಯಿತು. ಹಾಗಾಗಿ ಇಲ್ಲಿನವರು ಹುಡುಕಬೇಕಾದದ್ದು ಲಕೋಟೆಯ ಮೇಲೆ ಒತ್ತಿದ ಅಂಚೆ ಸೀಲುಗಳನ್ನು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕೂ ಮೊದಲು ನಾವು ಚಿತ್ರದುರ್ಗದವರು. ಹಳೆಯ ಲಕೋಟೆಗಳ ವಿಳಾಸದಲ್ಲಿ ‘ಚಿತಲ್‌ಡ್ರೂಗ್’ ಅಂತಲೂ ಇರುತ್ತೆ. ಅಂಥದ್ದು ಮನೆಯಲ್ಲಿದ್ದರೆ ದಯವಿಟ್ಟು ಚೀಟಿಯನ್ನಷ್ಟೇ ಕತ್ತರಿಸಿ ತೆಗೆಯಬೇಡಿ, ಸೀಲು, ವಿಳಾಸ ಉಳಿಯುವ ಹಾಗೆ ಲಕೋಟೆ ಇಡಿಯಾಗಿ ಇಡಿ. ಚಿಕ್ಕವನಿದ್ದಾಗ ನಾನು ಕತ್ತರಿಸಿದ್ದೇನೆ. ಪತ್ರಿಕೆ ಸುತ್ತಿ ಬರುತ್ತಿದ್ದ ಕಾಗದವನ್ನೂ ಬಿಡಲಿಲ್ಲ.

ನನ್ನ ಸೋದರಮಾವನ ಹಳೆಯ ಸಂಚಿಕೆಗಳನ್ನು ತಂದಿದ್ದೇನೆ. ಲೇಖನಗಳ ಪುಟ ಹೊಸದರ ಹಾಗಿವೆ, ಬೆಲೆಪಟ್ಟಿಯ ಪುಟಗಳ ತುಂಬ ಪೆನ್ಸಿಲ್ ಗುರುತು. ಆ ಮೇಜಿನ ಮೇಲಿವೆ, ಬಂದು ನೋಡಿ. ಹೊರಗೆ ಮಂಡಕ್ಕಿ ಮಿರ್ಚಿ ಕೊಡುತ್ತಿದ್ದಾರಂತೆ. ತಿಂದವರು ಕೈ ತೊಳೆದು ಮುಟ್ಟಿ.