ಏಳು ಭಾಷೆಯ ಊರಿನವರಿಗೆ ಬಾವುಟದ ಮಾತು

ಎಲ್ಲರಿಗೂ ನಮಸ್ಕಾರ.

ನಮ್ಮ ಬೇಕಲ ಕೋಟೆಯ ದೊಡ್ಡ ವೀಕ್ಷಣಾ ಗೋಪುರವನ್ನು ನೀವೆಲ್ಲ ಹತ್ತಿರಬೇಕು. ಮುಂದಿನ ಸಲ ಹೋದಾಗ ಫೋಟೋ ಆದಮೇಲೆ ಒಂದು ನಿಮಿಷ ಸುಮ್ನೆ ಕಡಲು ನೋಡಿ. ಭೂಮಿ ದುಂಡಗಿದೆ ನೋಡಿ, ಹಾಗಾಗಿ ಮರಳಿನ ಮೇಲೆ ನಿಂತವರಿಗೆ ಕಡಲಿನ ಅಂಚು ಸುಮಾರು ನಾಲ್ಕೂವರೆ ಕಿಲೋಮೀಟರಿಗೇ ಮುಗಿದುಹೋಗುತ್ತದೆ. ಕಣ್ಣು ನೀರಿನಿಂದ 30 ಮೀಟರ್ ಮೇಲಿದ್ದರೆ ಹತ್ತಿರ ಹತ್ತಿರ 20 ಕಿಲೋಮೀಟರ್ ಕಾಣುತ್ತದೆ. ಹಡಗಿನವರು ಎತ್ತರದ ಕಂಬಕ್ಕೆ ಬಾವುಟ ಏರಿಸುತ್ತಿದ್ದದ್ದು ಇದಕ್ಕೇ.

ಆದರೆ ಕಂಡರೆ ಸಾಲದು, ಅರ್ಥ ಆಗಬೇಕು ಅಲ್ವಾ?

ಒಂದು ದಾರಿ ಸೆಮಾಫೋರ್. ಎರಡು ಕೈಯಲ್ಲಿ ಎರಡು ಬಾವುಟ, ಪ್ರತಿ ಕೈಗೆ ಎಂಟು ದಿಕ್ಕು. ಎರಡೂ ಕೈ ಬೇರೆ ಬೇರೆ ದಿಕ್ಕಿನಲ್ಲಿದ್ದರೆ ಒಟ್ಟು 28 ಭಂಗಿ ಆಗುತ್ತದೆ. ಇಂಗ್ಲಿಷಿನ 26 ಅಕ್ಷರಕ್ಕೆ ಅದು ಧಾರಾಳ. ಕನ್ನಡಕ್ಕೆ? ವರ್ಣಮಾಲೆಯಲ್ಲೇ 49, ಮತ್ತೆ ಕಾಗುಣಿತ, ಒತ್ತಕ್ಷರ. ಸಾಲುವುದೇ ಇಲ್ಲ.

ಇನ್ನೊಂದು ದಾರಿ ಅಕ್ಷರ ಬಿಟ್ಟು ಇಡೀ ಮಾತಿಗೇ ಬಾವುಟ ಇಡುವುದು. 1805ರ ಅಕ್ಟೋಬರ್ 21, ಟ್ರಫಾಲ್ಗರ್ ಎಂಬ ಕಡಲ ಯುದ್ಧದ ದಿನ. ಪ್ರತಿಯೊಬ್ಬನೂ ತನ್ನ ಕರ್ತವ್ಯ ಮಾಡುತ್ತಾನೆಂಬ ವಿಶ್ವಾಸ ಇಂಗ್ಲೆಂಡಿಗಿದೆ ಎಂದು ನೌಕೆಗಳಿಗೆ ಹೇಳಬೇಕು ಅಂದರು ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್. ಸಂಕೇತದ ಹೊಣೆ ಹೊತ್ತಿದ್ದ ಅಧಿಕಾರಿ ಪಾಸ್ಕೊ ಒಂದು ಪದ ಬದಲಿಸಲು ಅನುಮತಿ ಕೇಳಿದರು. 'ವಿಶ್ವಾಸವಿದೆ' ಎನ್ನಲು ನೆಲ್ಸನ್ ಬಳಸಿದ ಇಂಗ್ಲಿಷ್ ಪದ, ಪದಗಳಿಗೆ ಸಂಖ್ಯೆ ಕೊಟ್ಟಿದ್ದ ಸಂಕೇತ ಪುಸ್ತಕದಲ್ಲಿ ಇರಲಿಲ್ಲ, ಅದರ ಎಂಟು ಅಕ್ಷರವನ್ನೂ ಒಂದೊಂದಾಗಿ ಏರಿಸಬೇಕಿತ್ತು. 'ನಿರೀಕ್ಷಿಸುತ್ತದೆ' ಎಂಬ ಪದಕ್ಕೆ 269 ಎಂಬ ಸಂಖ್ಯೆ ಇತ್ತು, ಆ ಸಂಖ್ಯೆಯ ಬಾವುಟಗಳನ್ನು ಒಂದೇ ಸಲ ಏರಿಸಿದರೆ ಮುಗಿಯಿತು. ನೆಲ್ಸನ್ ಒಪ್ಪಿದರು. ಆದರೂ 'ಕರ್ತವ್ಯ'ಕ್ಕೆ ಸಂಖ್ಯೆ ಇರಲಿಲ್ಲ, ಆ ಪದದ ನಾಲ್ಕು ಅಕ್ಷರ ಬಿಡಿಬಿಡಿಯಾಗಿಯೇ ಹೋಯಿತು. ಯುದ್ಧ ಎದುರಿಗಿರುವಾಗ ಒಂದು ಪದ ಆರಿಸಲು ಕುಳಿತ ಆ ಇಬ್ಬರು ನನಗೆ ಮತ್ತೆ ಮತ್ತೆ ನೆನಪಾಗುತ್ತಾರೆ.

1857ರಲ್ಲಿ ಬ್ರಿಟನ್ನಿನ ವ್ಯಾಪಾರ ಮಂಡಳಿ ಎಲ್ಲ ದೇಶದ ಹಡಗುಗಳಿಗೂ ಆಗುವಂಥ ಸಂಕೇತ ಪುಸ್ತಕ ತಂದಿತು. ಅದೇ ಬೆಳೆದು ಇವತ್ತಿಗೂ ಇದೆ. ಕನ್ನಡ, ತುಳು, ಮಲಯಾಳಂ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಒಂದೇ ಪೇಟೆಯಲ್ಲಿ ಕೇಳಿ ಬೆಳೆದ ಕಾಸರಗೋಡಿನವರಿಗೆ ಇದರ ಬೆಲೆ ಬೇರೆಯವರಿಗಿಂತ ಜಾಸ್ತಿ ಗೊತ್ತಾಗುತ್ತದೆ ಅಂತ ನನ್ನ ನಂಬಿಕೆ. ಬಿಳಿ-ನೀಲಿ ಬಣ್ಣದ, ತುದಿ ಸೀಳಿದ ಬಾವುಟ ಕಂಡರೆ, ಕೆಳಗೆ ನೀರಿನಲ್ಲಿ ಮುಳುಗುಗಾರ ಇದ್ದಾನೆ, ದೂರದಿಂದ ನಿಧಾನಕ್ಕೆ ಹೋಗಿ ಎಂದರ್ಥ. ಕೆಂಪು-ಹಳದಿ ಓರೆಯಾಗಿ ಕೂಡಿದ್ದರೆ, ಹಡಗಿನಿಂದ ಮನುಷ್ಯ ನೀರಿಗೆ ಬಿದ್ದಿದ್ದಾನೆ. ನೋಡಿದವನು ಅದನ್ನು ಮನಸ್ಸಿನಲ್ಲಿ ತುಳುವಿನಲ್ಲಿ ಓದಿಕೊಂಡರೂ ಸರಿ, ಜಪಾನಿನ ಭಾಷೆಯಲ್ಲಿ ಓದಿಕೊಂಡರೂ ಸರಿ.

ಬಾವುಟವೂ ಇಲ್ಲ, ಫೋನೂ ಇಲ್ಲ, ದೋಣಿ ಕೆಟ್ಟು ನಿಂತಿದೆ ಅಂದುಕೊಳ್ಳಿ. ಆಗಲೂ ಸಹಾಯ ಕೇಳಲು ಒಂದು ಸಂಕೇತ ಇದೆ, ಅಂತರರಾಷ್ಟ್ರೀಯ ನಿಯಮದಲ್ಲೇ ಬರೆದದ್ದು. ಕಡಲಿಗೆ ಹೋಗುವವರ ಮನೆಯ ಮಕ್ಕಳಿಗಾದರೂ ಇದು ಗೊತ್ತಿರಬೇಕು. ಎಲ್ಲರೂ ಸ್ವಲ್ಪ ಎದ್ದು ನಿಲ್ಲಿ. ಎರಡೂ ಕೈಯನ್ನು ಅಕ್ಕಪಕ್ಕಕ್ಕೆ ಪೂರ್ತಿ ಚಾಚಿ. ಈಗ ಮೇಲಕ್ಕೆತ್ತಿ, ಕೆಳಗಿಳಿಸಿ, ಮತ್ತೆ ಎತ್ತಿ. ಅವಸರ ಬೇಡ, ನಿಧಾನಕ್ಕೆ. ಬೇಗ ಬೇಗ ಬೀಸಿದರೆ ಸುಮ್ನೆ ಟಾಟಾ ಮಾಡುತ್ತಿದ್ದಾರೆ ಅಂದುಕೊಂಡು ಎದುರಿನ ದೋಣಿ ಹೋಗಿಬಿಡಬಹುದು. ಹಾಂ, ಹಾಗೇ. ಇನ್ನೊಮ್ಮೆ.