ಓಡುವವನ ಮುಂದಿರುವ ಐದು ಜನ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಸೆಪ್ಟೆಂಬರ್ ಬಂತೆಂದರೆ ಫುಟ್‌ಬಾಲ್ ಶುರು. ಇಲ್ಲಿರುವ ನಮ್ಮವರ ಮನೆಗಳಲ್ಲೂ ಭಾನುವಾರ ಮಧ್ಯಾಹ್ನ ಮಕ್ಕಳು ಟಿವಿ ಮುಂದೆ ಕೂತಿರುತ್ತಾರೆ. ಊಟ ಮುಗಿಸಿ ಅಪ್ಪ, ಅಮ್ಮನೂ ಬಂದು ಕೂರುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಒಂದು ಮಾತು ಕೇಳಿಬರುತ್ತದೆ. "ಈ ರನ್ನಿಂಗ್ ಬ್ಯಾಕ್‌ಗೆ ಏನಾಯಿತು? ಹೋದ ವರ್ಷ ಹೇಗೆ ಓಡುತ್ತಿದ್ದ! ದುಡ್ಡು ಬಂತು, ಸೋಮಾರಿಯಾದ." ಈ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಅದು ತಪ್ಪು ಅಂತ ಹೇಳುವುದಕ್ಕೇ ಇವತ್ತು ಬಂದಿದ್ದೇನೆ.

ಆಟ ಹೊಸದಾಗಿ ನೋಡುವವರಿಗೆ ಎರಡೇ ಮಾತು. ನಾಲ್ಕು ಅವಕಾಶದೊಳಗೆ ಚೆಂಡನ್ನು 10 ಗಜ ಮುಂದೆ ಒಯ್ಯಬೇಕು. ಒಯ್ದರೆ ಮತ್ತೆ ನಾಲ್ಕು ಅವಕಾಶ. ಚೆಂಡನ್ನು ಎಸೆಯಬಹುದು, ಇಲ್ಲವೇ ಹಿಡಿದುಕೊಂಡು ಓಡಬಹುದು. ಹಿಡಿದುಕೊಂಡು ಓಡುವುದು ರನ್ನಿಂಗ್ ಬ್ಯಾಕ್‌ನ ಕೆಲಸ. ಒಂದು ಓಟಕ್ಕೆ ಸರಾಸರಿ 4 ಗಜ ಬಂದರೆ ಪರವಾಗಿಲ್ಲ. 5 ಬಂದರೆ ಬಹಳ ಚೆನ್ನಾಗಿ ಓಡುತ್ತಿದ್ದಾನೆ ಅಂತ ಅರ್ಥ.

ಈಗ ಅವನ ಮುಂದೆ ನೋಡಿ. ಐದು ಜನ ಸಾಲಾಗಿ ನಿಂತಿದ್ದಾರೆ. ನಡುವೆ ಸೆಂಟರ್, ಅವನ ಎರಡು ಪಕ್ಕ ಗಾರ್ಡ್‌ಗಳು, ಅವರಾಚೆ ಟ್ಯಾಕಲ್‌ಗಳು. ಒಬ್ಬೊಬ್ಬರೂ 300 ಪೌಂಡ್ ಆಸುಪಾಸಿನವರು, ಅಂದರೆ ಸುಮಾರು 135 ಕಿಲೋ. ಜಾತ್ರೆಯಲ್ಲಿ ತೇರಿನ ಹತ್ತಿರ ಹೋಗಬೇಕಾದರೆ ಜನರನ್ನು ಸರಿಸಿ ದಾರಿ ಮಾಡಿಕೊಡುವ ಗಟ್ಟಿ ಆಳುಗಳು ಮುಂದೆ ಇರಬೇಕಲ್ವಾ? ಇವರು ಹಾಗೆ. ಎದುರಿನವರನ್ನು ಇವರು ಪಕ್ಕಕ್ಕೆ ತಳ್ಳಿದರೆ ಒಂದು ಸಂದು ತೆರೆಯುತ್ತದೆ. ಕ್ಷಣದಲ್ಲಿ ಮುಚ್ಚಿಹೋಗುತ್ತದೆ. ಓಡುವವನು ಅಷ್ಟರಲ್ಲಿ ನುಗ್ಗಬೇಕು. ಸಂದೇ ತೆರೆಯದಿದ್ದರೆ ಎಂಥ ಓಟಗಾರನಾದರೂ ಏನು ಮಾಡುತ್ತಾನೆ? ಅದಕ್ಕೇ ಹೇಳುತ್ತೇನೆ, ಓಡುವವನನ್ನು ಬೈಯುವ ಮೊದಲು ಆ ಐದು ಜನರನ್ನು ನೋಡಿ.

ಡಿಮಾರ್ಕೋ ಮರ್ರೆಯ ಕಥೆ ಕೇಳಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ.

2014ರಲ್ಲಿ ಮರ್ರೆ ಡಲ್ಲಾಸ್ ಕೌಬಾಯ್ಸ್ ತಂಡದಲ್ಲಿದ್ದ. ಆ ವರ್ಷ ಮೊದಲ ಎಂಟು ಆಟಗಳಲ್ಲೂ ನೂರಕ್ಕಿಂತ ಜಾಸ್ತಿ ಗಜ ಓಡಿದ. 1958ರಲ್ಲಿ ಹಳೆಯ ಕಾಲದ ಹೆಸರಾಂತ ಓಟಗಾರ ಜಿಮ್ ಬ್ರೌನ್ ಮೊದಲ ಆರು ಆಟಗಳಲ್ಲಿ ಹಾಗೆ ಓಡಿದ್ದರು. ಆ ದಾಖಲೆ ಅಲ್ಲಿಯವರೆಗೂ ಹಾಗೇ ನಿಂತಿತ್ತು. ವರ್ಷದ ಕೊನೆಗೆ ಮರ್ರೆಯ ಲೆಕ್ಕ 392 ಓಟ, 1,845 ಗಜ. ಇಡೀ ಲೀಗಿನಲ್ಲಿ ಅವನೇ ಮೊದಲು. ಡಿಸೆಂಬರಿನಲ್ಲಿ ಫಿಲಡೆಲ್ಫಿಯಾ ವಿರುದ್ಧ ಆಡುವಾಗ ಎಡಗೈ ಮುರಿಯಿತು. ಮರುದಿನ ಶಸ್ತ್ರಚಿಕಿತ್ಸೆ ಆಯಿತು. ಮುಂದಿನ ಭಾನುವಾರ ಮತ್ತೆ ಮೈದಾನಕ್ಕೆ ಇಳಿದ. ಸೋಮಾರಿ ಅನ್ನುವವರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಮುಂದಿನ ವಸಂತದಲ್ಲಿ ಅದೇ ಫಿಲಡೆಲ್ಫಿಯಾ ಈಗಲ್ಸ್ ತಂಡ ಅವನನ್ನು ಕರೆದುಕೊಂಡಿತು. ಐದು ವರ್ಷಕ್ಕೆ ಸುಮಾರು 4 ಕೋಟಿ ಡಾಲರ್ ಒಪ್ಪಂದ. ಊರೆಲ್ಲ ಸಂಭ್ರಮ. ಸೆಪ್ಟೆಂಬರ್ 2015, ಮೊದಲ ಆಟ ಅಟ್ಲಾಂಟಾದಲ್ಲಿ. ಮರ್ರೆ 8 ಓಟಕ್ಕೆ 9 ಗಜ. ಆರು ದಿನ ಬಿಟ್ಟು ಹಳೆಯ ತಂಡ ಡಲ್ಲಾಸ್ ಫಿಲಡೆಲ್ಫಿಯಾಕ್ಕೇ ಬಂತು. ಎಲ್ಲರೂ ಕಾಯುತ್ತಿದ್ದ ಆಟ. 13 ಸಲ ಚೆಂಡು ಹಿಡಿದು ಓಡಿದ. ಒಟ್ಟು ಸಿಕ್ಕಿದ್ದು 2 ಗಜ. ಇಡೀ ಮಧ್ಯಾಹ್ನಕ್ಕೆ ಎರಡೇ ಗಜ! ಎರಡು ಆಟ ಸೇರಿ 21 ಓಟಕ್ಕೆ 11 ಗಜ.

ಎಂಟು ತಿಂಗಳಲ್ಲಿ ಆ ಮನುಷ್ಯ ಓಡುವುದನ್ನೇ ಮರೆತನಾ? ಇಲ್ಲ. ಅವನ ಮುಂದಿದ್ದ ಐದು ಜನ ಬದಲಾಗಿದ್ದರು. ಡಲ್ಲಾಸಿನಲ್ಲಿ ಟೈರನ್ ಸ್ಮಿತ್, ಟ್ರಾವಿಸ್ ಫ್ರೆಡರಿಕ್, ಝ್ಯಾಕ್ ಮಾರ್ಟಿನ್ ಇದ್ದರು. ಮೂವರನ್ನೂ ಆ ತಂಡ ಡ್ರಾಫ್ಟಿನ, ಅಂದರೆ ತಂಡಗಳು ಸರದಿಯಲ್ಲಿ ಕಾಲೇಜು ಆಟಗಾರರನ್ನು ಆರಿಸುವ ಪದ್ಧತಿಯ, ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತ್ತು. ದಾರಿ ಮಾಡಿಕೊಡುವವರಿಗೆ ಅಷ್ಟು ಬೆಲೆ ಕೊಟ್ಟ ತಂಡ ಅದು. ಫಿಲಡೆಲ್ಫಿಯಾ ಏನು ಮಾಡಿತು? ಓಡುವವನಿಗೆ ಹಣ ಸುರಿಯಿತು. ತನ್ನ ಇಬ್ಬರು ಅನುಭವಿ ಗಾರ್ಡ್‌ಗಳನ್ನು, ಟಾಡ್ ಹೆರೆಮನ್ಸ್ ಮತ್ತು ಇವಾನ್ ಮ್ಯಾಥಿಸ್‌ರನ್ನು, ಅದೇ ವರ್ಷ ಕೈಬಿಟ್ಟಿತು. ಮ್ಯಾಥಿಸ್ ಡೆನ್ವರ್‌ಗೆ ಹೋಗಿ ಆ ಸೀಸನ್ನಿನ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದ ತಂಡದಲ್ಲಿ ಆಡಿದ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ. ಚೆಂಡನ್ನು ಎಸೆಯುವವನು, ಇಲ್ಲವೇ ಓಡುವವನ ಕೈಗೆ ಕೊಡುವವನು ಕ್ವಾರ್ಟರ್‌ಬ್ಯಾಕ್. ಡಲ್ಲಾಸಿನಲ್ಲಿ ಮರ್ರೆ ಹೆಚ್ಚಾಗಿ ಅವನ ಹಿಂದೆ, ದೂರದಲ್ಲಿ ನಿಲ್ಲುತ್ತಿದ್ದ. ಓಡಿ ಬರುತ್ತಾ ಚೆಂಡು ತೆಗೆದುಕೊಂಡು ನೇರ ನುಗ್ಗುತ್ತಿದ್ದ. ಫಿಲಡೆಲ್ಫಿಯಾದ ಕೋಚ್ ಚಿಪ್ ಕೆಲ್ಲಿ ಅವನನ್ನು ಕ್ವಾರ್ಟರ್‌ಬ್ಯಾಕ್‌ನ ಪಕ್ಕದಲ್ಲಿ ನಿಲ್ಲಿಸಿದರು. ನಿಂತಲ್ಲೇ ಚೆಂಡು ಹಿಡಿದು ಮೊದಲು ಅಡ್ಡಕ್ಕೆ ಓಡಬೇಕು, ಆಮೇಲೆ ಮುಂದಕ್ಕೆ ತಿರುಗಬೇಕು. ಮರ್ರೆಯ ಮೈಗೆ ಅದು ಒಗ್ಗುವ ಓಟವೇ ಅಲ್ಲ. ಇಷ್ಟು ಸರಳ ವಿಷಯವನ್ನು ಟಿವಿಯಲ್ಲಿ ಗಂಟೆಗಟ್ಟಲೆ ಮಾತಾಡುವವರು ಯಾಕೆ ಬಿಡಿಸಿ ಹೇಳುವುದಿಲ್ಲವೋ ನನಗೆ ಅರ್ಥವಾಗುವುದಿಲ್ಲ.

ಇನ್ನೂ ಅನುಮಾನ ಇದ್ದರೆ ಅದೇ ವರ್ಷ ಡಲ್ಲಾಸಿನಲ್ಲಿ ಏನಾಯಿತು ನೋಡಿ. ಮರ್ರೆ ಬಿಟ್ಟುಹೋದ ಜಾಗಕ್ಕೆ ಡ್ಯಾರನ್ ಮೆಕ್‌ಫ್ಯಾಡನ್ ಬಂದ. ಓಕ್ಲೆಂಡಿನಲ್ಲಿ ಹಿಂದಿನ ಮೂರು ವರ್ಷ ಅವನ ಸರಾಸರಿ ಮೂರೂವರೆ ಗಜವನ್ನೂ ಮುಟ್ಟಿರಲಿಲ್ಲ. ಮುಗಿದುಹೋದ ಆಟಗಾರ ಅಂತ ಜನ ಬರೆದಿಟ್ಟಿದ್ದರು. ಆ ಐದು ಜನರ ಹಿಂದೆ ಅವನು 1,089 ಗಜ ಓಡಿದ. ಅದರ ಮುಂದಿನ ವರ್ಷ ಆಗಷ್ಟೇ ಕಾಲೇಜಿನಿಂದ ಬಂದ ಎಝೆಕಿಯೆಲ್ ಎಲಿಯಟ್ 1,631 ಗಜ ಓಡಿ ಇಡೀ ಲೀಗಿಗೇ ಮೊದಲಿಗನಾದ. ಮರ್ರೆ? 2015ರ ಸೀಸನ್ ಮುಗಿದಾಗ ಬರೀ 702 ಗಜ. ಫಿಲಡೆಲ್ಫಿಯಾ ಅವನನ್ನು ಟೆನೆಸ್ಸಿಗೆ ಕೊಟ್ಟುಬಿಟ್ಟಿತು. ಅಲ್ಲಿ ಮೊದಲ ವರ್ಷವೇ 1,287 ಗಜ. ಕಾಲು ಅವೇ, ಮುಂದೆ ನಿಂತವರು ಬೇರೆ. ಆ ಐದು ಜನರನ್ನು ನೋಡಿ!

ಅಯ್ಯೋ, ಮರ್ರೆಯೇ ಸಮಯವೆಲ್ಲ ತೆಗೆದುಕೊಂಡ. ಗಾಜಿನಾಚೆಯಿಂದ ಬೆರಳು ತೋರಿಸುತ್ತಿದ್ದಾರೆ. ಉಳಿದಿದ್ದನ್ನು ಬೇಗ ಹೇಳಿಬಿಡುತ್ತೇನೆ.

ಈ ತೊಂದರೆ ಸೆಪ್ಟೆಂಬರಿನಲ್ಲೇ ಯಾಕೆ ಜಾಸ್ತಿ ಕಾಣುತ್ತದೆ? ಆ ಐದು ಜನ ಒಟ್ಟಿಗೆ ಹೆಜ್ಜೆ ಹಾಕುವುದು ಕಲಿಯಬೇಕು. ಪಕ್ಕದವನು ಯಾರನ್ನು ತಳ್ಳುತ್ತಾನೆ, ಯಾರನ್ನು ನನಗೆ ಬಿಡುತ್ತಾನೆ ಅನ್ನುವುದು ಮಾತಿಲ್ಲದೆ ತಿಳಿಯಬೇಕು. ಅದಕ್ಕೆ ಪ್ಯಾಡ್ ಹಾಕಿಕೊಂಡು ಮೈಗೆ ಮೈ ತಾಗಿಸಿ ಅಭ್ಯಾಸ ಮಾಡಬೇಕು. ಆಟಗಾರರ ಮೈ ಉಳಿಯಲಿ ಅಂತ ಲೀಗ್ ಮತ್ತು ಆಟಗಾರರ ಸಂಘದ 2011ರ ಒಪ್ಪಂದದಲ್ಲಿ ಅಂಥ ಅಭ್ಯಾಸಕ್ಕೆ ಮಿತಿ ಹಾಕಿದರು. ಒಳ್ಳೆಯದೇ ಮಾಡಿದರು. ಆಗಸ್ಟಿನ ಅಭ್ಯಾಸ ಪಂದ್ಯಗಳಲ್ಲೂ ಮುಖ್ಯ ಆಟಗಾರರು ಸ್ವಲ್ಪ ಹೊತ್ತು ಆಡಿದರೆ ಹೆಚ್ಚು. ಹಾಗಾಗಿ ಅವರಿಗೆ ಹೊಂದಾಣಿಕೆ ಬರುವುದು ನಿಜವಾದ ಆಟಗಳು ಶುರುವಾದ ಮೇಲೇ. ಅಲ್ಲಿಯವರೆಗೆ ಬೈಗುಳ ತಿನ್ನುವವನು ಮಾತ್ರ ಹಿಂದೆ ನಿಂತವನು.

ಇದಕ್ಕೂ ಒಂದು ಉದಾಹರಣೆ. ಟೆನೆಸ್ಸಿಯ ರನ್ನಿಂಗ್ ಬ್ಯಾಕ್ ಕ್ರಿಸ್ ಜಾನ್ಸನ್ ಹೆಸರು ಕೇಳಿದ್ದೀರಲ್ವಾ? 2009ರಲ್ಲಿ 2,006 ಗಜ ಓಡಿದವನು. 2012ರ ಮೊದಲ ಮೂರು ಆಟ ಸೇರಿ ಅವನಿಗೆ ಸಿಕ್ಕಿದ್ದು 45 ಗಜ. ಇವನ ಕಥೆ ಮುಗಿಯಿತು ಅಂದರು. ನಾಲ್ಕನೇ ಆಟದಲ್ಲಿ ಹ್ಯೂಸ್ಟನ್ ವಿರುದ್ಧ 141 ಗಜ. ಡಿಸೆಂಬರಿನಲ್ಲಿ ನ್ಯೂಯಾರ್ಕ್ ಜೆಟ್ಸ್ ವಿರುದ್ಧ ಒಂದೇ ಓಟದಲ್ಲಿ 94 ಗಜ ಓಡಿ, ಎದುರಾಳಿಯ ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದ. ವರ್ಷದ ಒಟ್ಟು ಲೆಕ್ಕ 1,243.

ನಮಸ್ಕಾರ.