ಕನ್ನಡಿಯೊಳಗಿನ ಗಂಟು ಎಲ್ಲಿದೆ?

ಕೇಳುಗರಿಗೆ ನಮಸ್ಕಾರ.

‘ಕನ್ನಡಿಯೊಳಗಿನ ಗಂಟು’ ಅನ್ನುತ್ತೇವಲ್ಲ, ಕಣ್ಣಿಗೆ ಕಾಣುತ್ತದೆ, ಕೈಗೆ ದಕ್ಕುವುದಿಲ್ಲ. ಈ ಮಾತು ಕಟ್ಟಿದವರು ಮಿಥ್ಯ ಪ್ರತಿಬಿಂಬದ ಪಾಠವನ್ನು ಮುಕ್ಕಾಲು ಪಾಲು ಮುಗಿಸಿಬಿಟ್ಟಿದ್ದಾರೆ. ಉಳಿದ ಕಾಲು ಪಾಲು ನನ್ನದು. ಗಂಟು ಕೈಗೆ ದಕ್ಕದಿದ್ದರೂ ಅದಕ್ಕೊಂದು ಜಾಗ ಇದೆ, ಆ ಜಾಗವನ್ನು ಅಳೆಯಬಹುದು. ನಾನು ಹೇಳಲು ಬಂದಿರುವುದು ಇಷ್ಟೇ.

ನಿಮ್ಮ ಮೂಗಿನ ತುದಿಯಿಂದ ಹೊರಟ ಬೆಳಕು ಬೀಸಣಿಗೆಯಂತೆ ಹರಡುತ್ತ ಹೋಗಿ ಕನ್ನಡಿಗೆ ಬಡಿಯುತ್ತದೆ. ಮರಳಿ ಬರುವಾಗಲೂ ಹರಡುತ್ತಲೇ ಬರುತ್ತದೆ. ಕಣ್ಣಿಗೆ ಕನ್ನಡಿಯ ಸಂಗತಿ ಗೊತ್ತಿಲ್ಲ. ಈ ಕಿರಣಗಳು ಎಲ್ಲಿಂದ ಹರಡಿಕೊಂಡು ಬಂದ ಹಾಗಿದೆ ಎಂಬುದಷ್ಟೇ ಅದಕ್ಕೆ ಬೇಕು. ಹಿಂದಕ್ಕೆ ಗೆರೆ ಎಳೆಯುತ್ತ ಹೋದರೆ ಅವು ಕೂಡುವುದು ಕನ್ನಡಿಯ ಬೆನ್ನ ಹಿಂದೆ, ನೀವು ಮುಂದೆ ಎಷ್ಟು ದೂರದಲ್ಲಿದ್ದೀರೋ ಅಷ್ಟೇ ದೂರದಲ್ಲಿ. ಅಲ್ಲಿ ಒಂದು ಕಾಗದ ಹಿಡಿದರೆ ಏನೂ ಬೀಳುವುದಿಲ್ಲ, ಬೆಳಕು ಅಲ್ಲಿಗೆ ಹೋಗಿಯೇ ಇಲ್ಲ. ಅದಕ್ಕೇ ‘ಮಿಥ್ಯ’ ಎಂದು ಹೆಸರು. ಈ ಹೆಸರಿನ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಮಿಥ್ಯ ಎಂದ ಕೂಡಲೇ ಮಕ್ಕಳು ‘ಇಲ್ಲದ್ದು’ ಎಂದು ಬರೆದುಬಿಡುತ್ತಾರೆ.

ಹಿಂದೊಮ್ಮೆ ತರಗತಿಯಲ್ಲಿ ಕೇಳಿದೆ: ‘ಕನ್ನಡಿಯಲ್ಲಿ ಕಾಣುವ ಮುಖ ಎಲ್ಲಿದೆ?’ ಅರ್ಧ ತರಗತಿ ಒಕ್ಕೊರಲಿನಿಂದ ‘ಕನ್ನಡಿ ಮೇಲೆ ಸರ್’ ಎಂದಿತು. ಹಲಗೆಯ ಮೇಲೆ ಚಿತ್ರ ಬರೆದೆ. ಒಪ್ಪಲಿಲ್ಲ. ಇನ್ನೊಮ್ಮೆ ಬರೆದೆ. ನನ್ನ ದನಿ ಏರಿತೇ ಹೊರತು ಯಾರ ತಲೆಯೊಳಗೂ ಏನೂ ಇಳಿಯಲಿಲ್ಲ. ಆಗ ದಪ್ಪ ಕನ್ನಡಕದ ಒಬ್ಬ ಹುಡುಗಿ ಎದ್ದು ಬಂದು ಮೇಜಿನ ಮೇಲಿದ್ದ ಕನ್ನಡಿಯನ್ನು ಕೈಗೆತ್ತಿಕೊಂಡಳು. ಅವಳದು ಮೈನಸ್ 4 ಪವರ್. ಕನ್ನಡಕ ತೆಗೆದರೆ 25 ಸೆಂಟಿಮೀಟರಿನಾಚೆ ಎಲ್ಲವೂ ಮಂಜು. ಕನ್ನಡಕ ತೆಗೆದಿಟ್ಟು, ಕನ್ನಡಿಯನ್ನು 10 ಸೆಂಟಿಮೀಟರ್ ದೂರದಲ್ಲಿ ಹಿಡಿದು ಹೇಳಿದಳು: ‘ನನ್ನ ಮುಖ ಚೆನ್ನಾಗಿ ಕಾಣ್ತಿದೆ ಸರ್. ಬೆನ್ನ ಹಿಂದಿನ ಬಾಗಿಲು ಮಾತ್ರ ಬರೀ ಮಸುಕು. ಎರಡೂ ಕನ್ನಡಿ ಮೇಲೇ ಇದ್ದಿದ್ರೆ ಎರಡೂ ಕಾಣಬೇಕಿತ್ತಲ್ವಾ?’

ನಾನು ಸುಣ್ಣದ ಕಡ್ಡಿ ಕೆಳಗಿಟ್ಟೆ. ಅವಳು ಅಷ್ಟಕ್ಕೇ ಬಿಡಲಿಲ್ಲ. ಕನ್ನಡಿಯನ್ನು ಮೆಲ್ಲಗೆ ದೂರ ಸರಿಸುತ್ತ ಹೋದಳು. ‘ಈಗ ಮುಖಾನೂ ಮಂಜಾಗ್ತಿದೆ’ ಎಂದಾಗ ಮುಂದಿನ ಬೆಂಚಿನ ಹುಡುಗ ಸ್ಕೇಲು ಹಿಡಿದ. 12 ದಾಟಿ 13 ಮುಟ್ಟುವಷ್ಟರಲ್ಲಿತ್ತು. ಕನ್ನಡಿಯವರೆಗೆ ಅಷ್ಟು, ಕನ್ನಡಿಯ ಹಿಂದೆ ಮತ್ತೆ ಅಷ್ಟೇ. ಅದರ ಇಮ್ಮಡಿ ಎಷ್ಟು? 25ರ ಆಸುಪಾಸು! ಇಲ್ಲದ್ದು ಎಂದು ಬರೆದವರೆಲ್ಲ ಇಲ್ಲದ ವಸ್ತುವಿನ ದೂರವನ್ನು ಸ್ಕೇಲಿನಲ್ಲಿ ಅಳೆದಿದ್ದರು. ಇಷ್ಟು ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಪಾಠ ನಾನು ಮಾಡಿಲ್ಲ, ಅದನ್ನೂ ಮಾಡಿದ್ದು ನಾನಲ್ಲ.

ಇನ್ನೊಂದು ತಮಾಷೆ ನೋಡಿ. ಅವಳ ಕನ್ನಡಕ ಮಾಡುವ ಕೆಲಸವೂ ಇದೇ. ನಡು ತೆಳ್ಳಗಿರುವ ಆ ನಿಮ್ನ ಮಸೂರಗಳು ದೂರದ ಬಾಗಿಲಿನ ಮಿಥ್ಯ ಪ್ರತಿಬಿಂಬವನ್ನು 25 ಸೆಂಟಿಮೀಟರಿನ ಒಳಗೆ ತಂದಿಡುತ್ತವೆ. ಕನ್ನಡಕ ಹಾಕಿದಷ್ಟು ಹೊತ್ತೂ ಅವಳು ನೋಡುವುದು ಮಿಥ್ಯ ಪ್ರತಿಬಿಂಬಗಳನ್ನೇ. ಕ್ಯಾಮೆರಾಕ್ಕೂ ಇದೇ ಲೆಕ್ಕ: ಕನ್ನಡಿಯಿಂದ 1 ಮೀಟರ್ ದೂರ ನಿಂತು ನಿಮ್ಮದೇ ಚಿತ್ರ ತೆಗೆದರೆ ಅದು ಫೋಕಸ್ ಮಾಡಬೇಕಾದದ್ದು 2 ಮೀಟರಿಗೆ. 1 ಮೀಟರಿಗೆ ಮಾಡಿದರೆ ಕನ್ನಡಿಯ ಮೇಲಿನ ದೂಳು ಚೆನ್ನಾಗಿ ಬರುತ್ತದೆ, ನೀವು ಬರುವುದಿಲ್ಲ.

ಗಾಜಿನಾಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷವಂತೆ. ಮಿಥ್ಯ ವಸ್ತುವಿನ ಬಗ್ಗೆ ಇನ್ನೂ ಬಾಯಿಯೇ ಬಿಟ್ಟಿಲ್ಲ.

ಈಗ ತಿರುವುಮುರುವು. ನಡು ಉಬ್ಬಿದ ಪೀನ ಮಸೂರವೊಂದು ದೂರದ ದೀಪದ ಕಿರಣಗಳನ್ನು 20 ಸೆಂಟಿಮೀಟರಿನಲ್ಲಿ ಕೂಡಿಸಲು ಕಳಿಸಿದೆ. 15ರಲ್ಲಿ ನೀವು ನಿಮ್ನ ಮಸೂರವೊಂದನ್ನು ಅಡ್ಡ ಇಟ್ಟಿರಿ. ಕಿರಣಗಳು ಇನ್ನು 5 ಸೆಂಟಿಮೀಟರ್ ಹೋಗಿ ಸೇರಬೇಕಿತ್ತು, ಸೇರಲಿಲ್ಲ. ಆ ಸೇರದೇ ಹೋದ ಬಿಂದುವೇ ಎರಡನೆಯ ಮಸೂರಕ್ಕೆ ವಸ್ತು, ಮಿಥ್ಯ ವಸ್ತು. ಅದಕ್ಕೂ ಜಾಗ ಇದೆ, ಅಳತೆ ಇದೆ. ನಿಮ್ನ ಮಸೂರದ ಸಂಗಮದೂರ, ಅಂದರೆ ದೂರದ ಕಿರಣಗಳು ಅದನ್ನು ದಾಟಿದ ಮೇಲೆ ಯಾವ ಬಿಂದುವಿನಿಂದ ಹರಡಿಕೊಂಡು ಬಂದ ಹಾಗೆ ಕಾಣುತ್ತವೋ ಅದರ ದೂರ, 10 ಸೆಂಟಿಮೀಟರ್ ಆಗಿದ್ದರೆ, ಕಿರಣಗಳು ಅದನ್ನು ದಾಟಿ 5ರ ಬದಲು 10 ಸೆಂಟಿಮೀಟರ್ ಹೋಗಿ ಕೂಡುತ್ತವೆ. ಅಲ್ಲಿ ಕಾಗದ ಹಿಡಿಯಿರಿ, ದೀಪ ಬೀಳುತ್ತದೆ.

1609ರಲ್ಲಿ ಗೆಲಿಲಿಯೋ ಆಕಾಶಕ್ಕೆ ತಿರುಗಿಸಿದ ದೂರದರ್ಶಕದ ಕಣ್ಣಿನ ಬದಿಯ ಮಸೂರ ಹೀಗೆಯೇ ಕಿರಣಗಳನ್ನು ನಡುದಾರಿಯಲ್ಲಿ ತಡೆಯುತ್ತದೆ. ‘ಸಮತಲ ದರ್ಪಣ ಕೊಡುವುದು ಯಾವಾಗಲೂ ಮಿಥ್ಯ ಪ್ರತಿಬಿಂಬ’ ಎಂದು ಬಾಯಿಪಾಠ ಮಾಡಿದವರು 1668ರಲ್ಲಿ ನ್ಯೂಟನ್ ಕಟ್ಟಿದ ದೂರದರ್ಶಕವನ್ನು ನೋಡಬೇಕು. ಕೊಳವೆಯ ತಳದ ನಿಮ್ನ ದರ್ಪಣದಿಂದ, ಅಂದರೆ ಒಳಬಾಗಿದ ಕನ್ನಡಿಯಿಂದ, ಕಿರಣಗಳು ಸೇರಲು ಹೊರಟಿರುತ್ತವೆ, ದಾರಿಯಲ್ಲೊಂದು ಪುಟ್ಟ ಸಮತಲ ಕನ್ನಡಿ ಓರೆಯಾಗಿ ಕೂತಿರುತ್ತದೆ. ಅದಕ್ಕೆ ಸಿಕ್ಕಿದ್ದು ಮಿಥ್ಯ ವಸ್ತು, ಅದು ಪಕ್ಕಕ್ಕೆ ತಿರುಗಿಸಿ ಕೊಡುವುದು ಸತ್ಯ ಪ್ರತಿಬಿಂಬ, ಕಾಗದದ ಮೇಲೆ ಹಿಡಿಯಬಹುದಾದಂಥದ್ದು!

ವಾಹನಗಳ ಪಕ್ಕದ ಕನ್ನಡಿಯ ಬಗ್ಗೆಯೂ ಚೀಟಿ ಬರೆದುಕೊಂಡು ಬಂದಿದ್ದೆ. ಒಂದು ಬೆರಳು ಕಾಣುತ್ತಿದೆ, ಚೀಟಿ ಜೇಬಿನಲ್ಲೇ ಇರಲಿ. ನಮಸ್ಕಾರ.